ಶುಗರ್ ಡೆಸ್ಕ್‌ಟಾಪ್‌ಗೆ ಪೂರ್ತಿ ಸಿ ಭಾಷೆಯಲ್ಲೇ ಆಕ್ಟಿವಿಟಿ ಬರೆಯಬಹುದಾ?

ಪೈಥಾನ್ ಬರುವುದಿಲ್ಲ, ಸಿ ಮಾತ್ರ ಗೊತ್ತು, ಮಕ್ಕಳ ಕಲಿಕೆಗಾಗಿ ಮಾಡಿದ ಶುಗರ್ ಡೆಸ್ಕ್‌ಟಾಪ್‌ಗೆ ಅದರಲ್ಲೇ ಆಕ್ಟಿವಿಟಿ (ಅಲ್ಲಿ ಆಪ್‌ಗೆ ಆ ಹೆಸರು) ಬರೆದರೆ ನಡೆಯುತ್ತಾ ಅಂತ ಕೇಳಿದ್ದೀರಿ. ನಡೆಯುತ್ತದೆ. ಆದರೆ ಹಾಗೆ ಬರೆಯಲು ಹೋಗಿ ಅರ್ಧಕ್ಕೇ ಬಿಟ್ಟವನು ನಾನು.

ಶುಗರ್ ಆಕ್ಟಿವಿಟಿ ಅಂದರೆ ಒಂದು ಫೋಲ್ಡರ್ ಅಷ್ಟೇ. ಯಾವ ಪ್ರೋಗ್ರಾಂ ಓಡಿಸಬೇಕು ಅನ್ನುವುದನ್ನು ಅದರೊಳಗಿನ ಆಕ್ಟಿವಿಟಿ.ಇನ್ಫೋ ಫೈಲಿನ 'ಎಕ್ಸೆಕ್' ಸಾಲಿನಲ್ಲಿ ಬರೆಯುತ್ತೇವೆ. ಅದು ಪೈಥಾನೇ ಆಗಬೇಕು ಅಂತ ಹಟವಿಲ್ಲ. ಈಟಾಯ್ಸ್ ಅನ್ನುವ ಆಕ್ಟಿವಿಟಿ ಇರುವುದು ಸ್ಮಾಲ್‌ಟಾಕ್ ಭಾಷೆಯ ಸ್ಕ್ವೀಕ್‌ನಲ್ಲಿ, ಅದೂ ಓಡುತ್ತದೆ. ತಾಪತ್ರಯ ಆಮೇಲಿನದು. ವಿಂಡೋ ಯಾವ ಆಕ್ಟಿವಿಟಿಯದು ಅಂತ ಗುರುತು ಅಂಟಿಸಬೇಕು, ಡಿ-ಬಸ್‌ನಲ್ಲಿ (ಪ್ರೋಗ್ರಾಂಗಳು ಒಂದಕ್ಕೊಂದು ಸಂದೇಶ ಕಳಿಸುವ ದಾರಿ) ಶುಗರ್ ಜೊತೆ ಮಾತಾಡಬೇಕು, ಮಕ್ಕಳು ಮಾಡಿದ್ದನ್ನು ಜರ್ನಲ್‌ಗೆ (ಶುಗರ್ ಕೆಲಸವನ್ನೆಲ್ಲ ಕೂಡಿಡುವ ದಿನಚರಿ) ಉಳಿಸಬೇಕು. ಎಲ್ಲವೂ ನಿಮ್ಮ ತಲೆಗೇ. ಪೈಥಾನ್‌ನ ಆಕ್ಟಿವಿಟಿ ಕ್ಲಾಸ್ ತಗೊಂಡರೆ ಇದರಲ್ಲಿ ಮುಕ್ಕಾಲು ಪಾಲು ಬಿಟ್ಟಿ ಸಿಗುತ್ತದೆ. ರೀಡ್_ಫೈಲ್, ರೈಟ್_ಫೈಲ್ ಅಂತ ಎರಡು ಫಂಕ್ಷನ್ ಬರೆದರೆ ಜರ್ನಲ್ ಕೆಲಸ ಮುಗೀತು, ಮುಚ್ಚುವಾಗ ತಾನೇ ಉಳಿಯುತ್ತದೆ. ಮಕ್ಕಳು ಸೇವ್ ಒತ್ತುತ್ತಾ ಕೂರುವುದಿಲ್ಲ ಅಲ್ವಾ, ಸುಮ್ನೆ ಮುಚ್ಚಿ ಆಟಕ್ಕೆ ಓಡುತ್ತಾರೆ.

ನಾನು ಶಿರಸಿಯವನು. ಮಾಡಲು ಹೊರಟದ್ದು ಗುಡ್ಡದ ಮೇಲೆ ಬಿದ್ದ ಮಳೆ ಅಡಿಕೆ ತೋಟದ ಬಸಿಗಾಲುವೆಗೆ ಹೇಗೆ ಇಳಿಯುತ್ತದೆ ಅಂತ ತೋರಿಸುವ ಆಟ. ಅಡ್ಡ 200, ಉದ್ದ 150, ಒಟ್ಟು 30,000 ಚೌಕ. ಪ್ರತಿ ಚೌಕದ ನೀರು ಸುತ್ತಲಿನ ನಾಲ್ಕು ಚೌಕಕ್ಕೆ ಹಂಚಿಕೆಯಾಗಬೇಕು. ಪೈಥಾನ್ ಲೂಪಿನಲ್ಲಿ ಅದು ಏಪ್ರಿಲ್ ತಿಂಗಳ ಹಳ್ಳದ ಹಾಗೆ ತೊಟ್ಟಿಕ್ಕುತ್ತಿತ್ತು. ಕೊನೆಗೆ ಆ ಒಂದು ಫಂಕ್ಷನ್ ಮಾತ್ರ ಸಿ ಯಲ್ಲಿ ಬರೆದೆ, ಅರವತ್ತು ಸಾಲು ಇರಬಹುದು. ಜಿಸಿಸಿ ಕಂಪೈಲರ್‌ನಿಂದ ಶೇರ್ಡ್ ಲೈಬ್ರರಿ ಮಾಡಿ, ಸಿ ಕೋಡ್ ಕರೆಯಲೆಂದೇ ಪೈಥಾನ್‌ನಲ್ಲಿರುವ ಸಿಟೈಪ್ಸ್‌ನಿಂದ ಕರೆದೆ. ಆಷಾಢ ಬಂತು! ಒಂದು ಕಿವಿಮಾತು: ಫಂಕ್ಷನ್ನಿನ ರೆಸ್‌ಟೈಪ್, ಅಂದರೆ ಅದು ಕೊಡುವ ಉತ್ತರದ ಬಗೆ, ಹೇಳಲು ಮರೆಯಬೇಡಿ. ಹೇಳದಿದ್ದರೆ ಉತ್ತರ ಇಂಟ್ (ಪೂರ್ಣಾಂಕ) ಅಂತಲೇ ಸಿಟೈಪ್ಸ್ ತಿಳಿಯುತ್ತದೆ. ನನ್ನದು ಡಬಲ್ (ದಶಮಾಂಶ ಸಂಖ್ಯೆ) ಕೊಡುತ್ತಿತ್ತು. ಏನೇನೋ ಸಂಖ್ಯೆ ನೋಡುತ್ತಾ ಒಂದಿಡೀ ಸಂಜೆ ಕಳೆದೆ.

ನೀವು ಪೂರ್ತಿ ಸಿ ಯಲ್ಲೇ ಬರೆದರೂ ತಪ್ಪದ ಇನ್ನೊಂದು ಗೋಳಿದೆ. ಶುಗರ್ ಮೊದಲು ಬಂದ 2007ರ ಎಕ್ಸ್‌ಒ ಅನ್ನುವ ಮಕ್ಕಳ ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದು 433 ಮೆಗಾಹರ್ಟ್ಸ್‌ನ ಎಎಂಡಿ ಚಿಪ್. ಆಮೇಲಿನ ಎಕ್ಸ್‌ಒ-1.75ರಲ್ಲಿ ಆರ್ಮ್ ಚಿಪ್. ಒಂದಕ್ಕೆ ಕಂಪೈಲ್ ಮಾಡಿದ್ದು ಇನ್ನೊಂದರಲ್ಲಿ ಓಡುವುದಿಲ್ಲ. ಇದು ಗೊತ್ತಿದ್ದೂ ನಾನು ಮನೆಯ 64 ಬಿಟ್ ಲ್ಯಾಪ್‌ಟಾಪ್‌ನಲ್ಲಿ ಕಂಪೈಲ್ ಮಾಡಿ, ಜಡಿಮಳೆಯಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾ ಕಡೆಯ ಒಂದು ಶಾಲೆಗೆ ಹೋದೆ. ಅಲ್ಲಿದ್ದದ್ದು 32 ಬಿಟ್‌ನ ಹಳೆ ಕಂಪ್ಯೂಟರ್‌ಗಳು. 'ರಾಂಗ್ ಎಲ್ಫ್ ಕ್ಲಾಸ್' ಅಂತ ಎರರ್, ಅಂದರೆ 64 ಬಿಟ್‌ನ ಫೈಲು ಇಲ್ಲಿ ನಡೆಯದು ಅಂತ. ಅಲ್ಲಿ ಜಿಸಿಸಿಯೂ ಇಲ್ಲ, ನೆಟ್ಟೂ ಇಲ್ಲ. ಚಾ ಕುಡಿದು ವಾಪಸ್ ಘಟ್ಟ ಹತ್ತಿದೆ.

ಈಗ 32 ಬಿಟ್, 64 ಬಿಟ್ ಎರಡೂ ಲೈಬ್ರರಿಯನ್ನು ಆಕ್ಟಿವಿಟಿಯ ಒಂದೇ ಬಂಡಲ್‌ನಲ್ಲಿ ಇಡುತ್ತೇನೆ, ಯಾವುದು ಬೇಕು ಅಂತ ಪೈಥಾನ್ ನೋಡಿಕೊಳ್ಳುತ್ತದೆ. ಎರಡೂ ಹೊಂದದಿದ್ದರೆ ಆ ಹಳೆಯ ಪೈಥಾನ್ ಲೂಪೇ ಓಡುತ್ತದೆ, ತೊಟ್ಟಿಕ್ಕಿದರೂ ಅಡ್ಡಿಲ್ಲ.