ಸಚಿವಾಲಯದಿಂದ ಉತ್ತರ ಬಾರದಿದ್ದರೆ

ನಿಮ್ಮ ಅಧ್ಯಯನ ಸಂಸ್ಥೆಯ 60 ಪುಟದ ವರದಿಗೆ ಕೇಂದ್ರ ಸಚಿವಾಲಯ ಉತ್ತರಿಸಿಲ್ಲ ಎಂದಿದ್ದೀರಿ. ವರದಿ ಕೆಟ್ಟದ್ದು ಅಂತಲ್ಲ, ಬಹುಶಃ ಕಳಿಸಿದ ಹೊತ್ತು ತಪ್ಪು. ಕಾನೂನಿನಲ್ಲಿ ನಿಮ್ಮ ಮಾತು ಸೇರಬೇಕೆಂದರೆ ಮಸೂದೆ ಕರಡಾಗಿರುವಾಗಲೇ ಹಿಡಿಯಬೇಕು. 2014ರ ಕೇಂದ್ರದ ನೀತಿಯಂತೆ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು (ಎಲ್ಲರೂ ಪಾಲಿಸುವುದಿಲ್ಲ, ಅದು ಬೇರೆ ಮಾತು). ಆಗ ಎರಡೇ ಪುಟ ಬರೆಯಿರಿ: ಯಾವ ಕಲಂ, ಏನು ತೊಂದರೆ, ಬದಲಿಗೆ ಯಾವ ವಾಕ್ಯ. ಬದಲಿ ವಾಕ್ಯ ಇಲ್ಲದಿದ್ದರೆ ಅದು ಸುಮ್ನೆ ದೂರು ಅಷ್ಟೆ.

ಮಸೂದೆ ಸಂಸತ್ತಿನ ಸ್ಥಾಯಿ ಸಮಿತಿಗೆ (ಮಸೂದೆಗಳನ್ನು ಪರಿಶೀಲಿಸುವ ಸಂಸದರ ಸಮಿತಿ) ಹೋದರೆ ಇನ್ನೊಂದು ಅವಕಾಶ. ಸಮಿತಿ ಜಾಹೀರಾತು ಕೊಟ್ಟು ಸಲಹೆ ಕೇಳಿದಾಗ ಗಡುವಿನೊಳಗೆ ಕಳಿಸಿ. ಖುದ್ದಾಗಿ ಬಂದು ಹೇಳಲು ಸಿದ್ಧ ಅಂತಲೂ ಅದರಲ್ಲೇ ಬರೆಯಿರಿ. ಕರೆದೇ ಕರೆಯುತ್ತಾರೆ ಅನ್ನಲಾಗದು. ಸಮಿತಿಗೆ ಕೊಟ್ಟ ಪತ್ರ ಗೋಪ್ಯ ದಾಖಲೆ, ಅದನ್ನು ನಿಮ್ಮ ಜಾಲತಾಣಕ್ಕೆ ಹಾಕಬೇಡಿ.