ಅತ್ತೆ ಲಿಂಗ ಕಿತ್ತೊಗೆದರು, ನಾನೇನು ಮಾಡಲಿ?

"ಮೈದುನನ ಮಣ್ಣು ಮುಗಿದ ಸಂಜೆ ಅತ್ತೆ ಕೊರಳಿನ ಲಿಂಗ ಕಿತ್ತು ಅಂಗಳಕ್ಕೆ ಒಗೆದರು. ಲಿಂಗವಿಡುವ ಕರಡಿಗೆ ನೆಗ್ಗಿದೆ, ಕಂತಿ ಸಿಡಿದಿದೆ. ಘೋರ ಅಪಚಾರ, ಪ್ರಾಯಶ್ಚಿತ್ತ ಆಗಲೇಬೇಕು ಅಂತ ಓಣಿಯವರು ಅಂತಾರೆ. ಅಂಟು ಹಚ್ಚಿ ನಾನೇ ಕೂಡಿಸಲೇ?" ಎಂದು ಆಳಂದ ತಾಲ್ಲೂಕಿನ ಸೊಸೆಯೊಬ್ಬರು ಬರೆದಿದ್ದಾರೆ.

ತಂಗೀ, ಮೊದಲು ಆ ಅಂಟು ಪಕ್ಕಕ್ಕಿಡಿ. ಕಂತಿ ಅಂದರೆ ಒಳಗಿನ ಪುಟ್ಟ ಕಲ್ಲಿನ ಮೇಲೆ ಸಗಣಿ ಬೂದಿಯನ್ನು ಎಣ್ಣೆಯಲ್ಲಿ ಕಲಸಿ ಕೂಡಿಸಿದ ಕರಿಯ ಲೇಪ. ದಿನಾ ಪೂಜೆಯ ನೀರು ಬೀಳುವಲ್ಲಿ ಅಂಗಡಿಯ ಅಂಟು ನಿಲ್ಲುವುದಿಲ್ಲ. ಬಿಡುವಾಗ ಗಟ್ಟಿಯಿದ್ದ ಪದರನ್ನೂ ಎಬ್ಬಿಸುತ್ತದೆ. ಸಿಡಿದ ಚೂರುಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿಡಿ. ಕಂತಿಯಷ್ಟೇ ಹೋಗಿದ್ದರೆ ಲಿಂಗ ಮಾಡುವವರು ಹೊಸದಾಗಿ ಕಟ್ಟಿಕೊಡುತ್ತಾರೆ. ಕಲ್ಲೇ ಒಡೆದಿದ್ದರೆ ಮಠದ ಅಯ್ಯನವರನ್ನು ಕೇಳಿ ಬೇರೆ ಲಿಂಗ ಪಡೆಯಬೇಕು. ಕರಡಿಗೆಯನ್ನು ಪತ್ತಾರರಿಗೆ (ಅಕ್ಕಸಾಲಿಗರಿಗೆ) ಕೊಡುವ ಮುಂಚೆ ಲಿಂಗ ತೆಗೆದಿಡಿ, ಬೆಸುಗೆಯ ಕಾವು ಕಂತಿಗೆ ಆಗದು. ಹರಿದ ಶಿವದಾರಕ್ಕೆ ಗಂಟು ಬೇಡ, ಹೊಸದೇ ತನ್ನಿ.

ಇನ್ನು ಅಪಚಾರದ ಮಾತು. ಲಿಂಗ ಬಿದ್ದರೆ ಪ್ರಾಣವನ್ನೇ ಬಿಡಬೇಕು ಎನ್ನುವವರು ಹಿಂದೆಯೂ ಇದ್ದರು. ಲಿಂಗ ಬಿದ್ದರೆ ಈ ಭೂಮಿ ತಾಳೀತೇ ಎಂದು ವಚನಕಾರರೇ ಅವರನ್ನು ಬೈದಿದ್ದಾರೆ. ದೊಡ್ಡ ಶಿವಭಕ್ತರೆಂದು ನಾವು ಕೈಮುಗಿಯುವ 63 ಪುರಾತನರಲ್ಲಿ ಕಣ್ಣಪ್ಪ ಲಿಂಗದ ಮೇಲೆ ಕಾಲಿಟ್ಟವನು, ಸಾಂಖ್ಯತೊಂಡ ದಿನಾ ಲಿಂಗಕ್ಕೆ ಕಲ್ಲೆಸೆದೇ ಉಣ್ಣುತ್ತಿದ್ದವನು. ಮಳೆ ಕೈಕೊಟ್ಟ ವರ್ಷ ಗರ್ಭಗುಡಿಯ ಬಾಗಿಲಿಗೆ ಒಡ್ಡು ಕಟ್ಟಿ, ಕೊಡಗಟ್ಟಲೆ ನೀರು ಸುರಿದು, ಈಶ್ವರ ಉಸಿರು ಕಟ್ಟಿಯಾದರೂ ಮಳೆ ಕೊಡಲಿ ಅಂತ ಮುಳುಗಿಸುವ ಊರುಗಳಿವೆ. ಅದಕ್ಕೆ ಯಾರೂ ಪ್ರಾಯಶ್ಚಿತ್ತ ಕೇಳುವುದಿಲ್ಲ. (ನಿಮ್ಮ ಓಣಿಯವರೂ ಒಂದೆರಡು ಕೊಡ ಹೊತ್ತಿರಬಹುದು.)

ಅತ್ತೆ ಒಗೆದದ್ದು ಯಾವ ಸಂಜೆ, ನೋಡಿ. ಕುಣಿಯಲ್ಲಿ ಮಗನನ್ನು ಕೂರಿಸಿ, ಎಡ ಅಂಗೈಯೊಳಗೆ ಅವನ ಲಿಂಗವಿಟ್ಟು, ವಿಭೂತಿ, ಪತ್ರಿ ಹಾಕಿ ಮಣ್ಣು ಮುಚ್ಚಿದ್ದಾರೆ. ಅಂಥದೇ ಇನ್ನೊಂದು ತಮ್ಮ ಕೊರಳಲ್ಲಿ ತೂಗುತ್ತಿದೆ. ಕೇಳಿಸಿಕೊಳ್ಳುವವನು ಇದ್ದಾನೆ ಅಂತ ಗಟ್ಟಿಯಾಗಿ ನಂಬಿದವರಿಗೇ ಆ ಸಿಟ್ಟು ಬರುತ್ತದೆ. ದಂಡ, ಹೋಮ ಅಂತ ಅದರ ಮೇಲೆ ಖರ್ಚು ಹೊರಿಸಬೇಡಿ.

ಮಲಗಿದಾಗ ಸದ್ದಿಲ್ಲದೆ ಕೊರಳಿಗೆ ಕಟ್ಟುವ ಕೆಲಸವೂ ಬೇಡ. ಎಚ್ಚರಾದಾಗ ಮತ್ತೆ ಕಿತ್ತಾರು. ದುರಸ್ತಿ ಮಾಡಿಸಿ ದೇವರ ಜಗಲಿಯ ಮೇಲಿಡಿ, ಅವರಾಗಿ ಕೇಳಿದ ದಿನ ಕೊಡಿ. ಅಲ್ಲಿಯತನಕ ಊಟ, ನಿದ್ದೆಯ ಮೇಲೆ ಕಣ್ಣಿರಲಿ. ಅನ್ನ ಬಿಟ್ಟರೆ ದವಾಖಾನೆಗೆ ಕರೆದೊಯ್ಯಿರಿ. "ನಾನೂ ಹೋಗ್ತೀನಿ" ಎಂಬ ಮಾತು ಒಮ್ಮೆ ಬಂದರೂ ಅವರನ್ನು ಒಂಟಿಯಾಗಿ ಬಿಡದೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

– ಸಂ.