ಭಾವಮೈದ ಕೊಟ್ಟ ಸುಳಿವು, ಮಗಳ ಫೀಸಿನ ದುಡ್ಡು

ಪ್ರಶ್ನೆ: ನನ್ನ ಭಾವಮೈದ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿದ್ದಾನೆ. ಕಂಪನಿ ನಷ್ಟದಲ್ಲಿದೆ, ಷೇರು ₹140ರಿಂದ ₹38ಕ್ಕೆ ಬಿದ್ದಿದೆ. ‘ದೊಡ್ಡ ಕಂಪನಿಯವರು ಬಂದು ಲೆಕ್ಕಪತ್ರ ನೋಡ್ತಿದಾರೆ, ಈಗಲೇ ತಗೊಳ್ಳಿ ಭಾವ, ಸತ್ಯಂ ತಗೊಂಡವರೂ ಹೀಗೇ ದುಡ್ಡು ಮಾಡಿದ್ದು’ ಎನ್ನುತ್ತಾನೆ. ಮಗಳ ಎಂಜಿನಿಯರಿಂಗ್ ಫೀಸಿಗೆಂದು ಇಟ್ಟ ₹6 ಲಕ್ಷ ಇದೆ. ಬೇಡವೆಂದರೆ ಅವನಿಗೆ ಸಿಟ್ಟು, ಹೆಂಡತಿಗೆ ಬೇಜಾರು. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಕೊಳ್ಳಬೇಡಿ. ಬರೀ ಲಾಭನಷ್ಟದ ಪ್ರಶ್ನೆಯಾಗಿದ್ದರೆ ಇಷ್ಟು ಖಡಾಖಂಡಿತವಾಗಿ ಹೇಳುತ್ತಿರಲಿಲ್ಲ. ನಿಮ್ಮ ಭಾವಮೈದ ಹೇಳಿದ್ದು ಸುಳ್ಳಾದರೆ ನಿಮ್ಮ ದುಡ್ಡು ಹೋಗುತ್ತದೆ. ನಿಜವಾದರೆ ಅದು ಇನ್‌ಸೈಡರ್ ಟ್ರೇಡಿಂಗ್, ಅಂದರೆ ಒಳಸುದ್ದಿ ಹಿಡಿದು ಷೇರು ವ್ಯವಹಾರ ಮಾಡುವ ಅಪರಾಧ. ಬಹಿರಂಗವಾಗದ ಇಂಥ ಸುದ್ದಿ ಯಾರ ಬಳಿ ಇದೆಯೋ ಅವರೆಲ್ಲ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ಕಣ್ಣಿಗೆ ಇನ್‌ಸೈಡರ್‌ಗಳೇ, ಕಂಪನಿಯ ನೌಕರರೇ ಆಗಬೇಕೆಂದಿಲ್ಲ. ದಂಡ ಕನಿಷ್ಠ ₹10 ಲಕ್ಷ. ಗರಿಷ್ಠ ₹25 ಕೋಟಿ ಅಥವಾ ಬಂದ ಲಾಭದ 3 ಪಟ್ಟು, ಯಾವುದು ಹೆಚ್ಚೋ ಅದು. ಸುದ್ದಿ ದಾಟಿಸಿದವನೂ ತಪ್ಪಿಸಿಕೊಳ್ಳುವುದಿಲ್ಲ. ಒಳಸುದ್ದಿ ಯಾರು ಯಾರಿಗೆ ಗೊತ್ತಿತ್ತು ಎಂಬ ಪಟ್ಟಿಯನ್ನು ಕಂಪನಿ ಪ್ಯಾನ್ ನಂಬರ್ ಸಮೇತ ಇಡಲೇಬೇಕು. ಅದರಲ್ಲಿರುವವರ ನಂಟಸ್ತಿಕೆ ಹುಡುಕುವುದು ತನಿಖೆಯವರಿಗೆ ಕಷ್ಟವಲ್ಲ. ಅವನು ಕಳಿಸಿದ ಮೆಸೇಜ್‌ಗಳನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ, ಅಳಿಸಲೂ ಬೇಡಿ.

ಇದೇ ಸುದ್ದಿ ನಾಳೆ ಪೇಪರಿನಲ್ಲಿ ಬಂತು ಎಂದುಕೊಳ್ಳಿ. ಆಗಲೂ ಲೆಕ್ಕ ಅವನು ಹೇಳಿದಷ್ಟು ಸಲೀಸಲ್ಲ. ಕೊಳ್ಳುವವರು ಪ್ರವರ್ತಕರ (ಕಂಪನಿಯ ಹಿಡಿತವಿರುವ ಮಾಲೀಕರ) 40% ಷೇರು ತೆಗೆದುಕೊಂಡರೆ 25%ರ ಗಡಿ ದಾಟುತ್ತದೆ, ಓಪನ್ ಆಫರ್, ಅಂದರೆ ಉಳಿದ ಷೇರುದಾರರಿಗೂ ‘ನಿಮ್ಮ ಷೇರು ಕೊಳ್ಳುತ್ತೇವೆ’ ಎಂದು ಹೇಳುವುದು, ಕಡ್ಡಾಯ. ಆದರೆ ಕಡ್ಡಾಯವಿರುವುದು ಕಂಪನಿಯ ಒಟ್ಟು ಷೇರಿನ 26%ಕ್ಕೆ ಮಾತ್ರ. ಸಾರ್ವಜನಿಕರ ಕೈಲಿರುವ 60% ಪೂರ್ತಿ ಆಫರಿಗೆ ಬಂದರೆ ಪ್ರತಿ 1000 ಷೇರಿನಲ್ಲಿ 433ನ್ನಷ್ಟೇ ತೆಗೆದುಕೊಂಡು ಉಳಿದದ್ದನ್ನು ವಾಪಸ್ ಕೊಡುತ್ತಾರೆ. ನಿಮ್ಮ ₹6 ಲಕ್ಷಕ್ಕೆ ₹38ರಂತೆ ಸುಮಾರು 15,790 ಷೇರು ಬರುತ್ತವೆ. ಆಫರ್ ದರ ₹50 ಎಂದಿಟ್ಟುಕೊಂಡರೂ ಸುಮಾರು 6,840 ಷೇರಿಗೆ ₹3.42 ಲಕ್ಷ ಸಿಗುತ್ತದೆ. ಉಳಿದವು ₹29ಕ್ಕಿಂತ ಕೆಳಗಿಳಿದರೆ ಒಟ್ಟು ನಷ್ಟವೇ. ಆಫರ್ ಮುಗಿದ ಮೇಲೆ ಅದಕ್ಕಾಗಿಯೇ ಕೊಂಡಿದ್ದವರೆಲ್ಲ ಮಾರಲು ನಿಲ್ಲುತ್ತಾರೆ, ಬೆಲೆ ಇಳಿಯುವುದು ಸಾಮಾನ್ಯ.

ಇದು ಒಳ್ಳೆಯ ದಾರಿಯ ಕಥೆ. ಕೊಳ್ಳುವವರು ಷೇರಿನ ಗೊಡವೆಗೇ ಹೋಗದೆ ಗ್ರಾಹಕರು, ಸಿಬ್ಬಂದಿ ಸಮೇತ ವ್ಯವಹಾರವನ್ನಷ್ಟೇ ಕೊಂಡರೆ ಓಪನ್ ಆಫರ್ ಇರುವುದಿಲ್ಲ. ಬಂದ ಹಣ ಕಂಪನಿಗೆ, ಸಾಲವಿದ್ದರೆ ಅಲ್ಲಿಂದ ಬ್ಯಾಂಕಿಗೆ. ದಿವಾಳಿ ಪ್ರಕರಣವಾಗಿ ಎನ್‌ಸಿಎಲ್‌ಟಿಗೆ (ಕಂಪನಿ ವ್ಯಾಜ್ಯಗಳ ನ್ಯಾಯಮಂಡಳಿ) ಹೋದರೆ ಇನ್ನೂ ಕೆಟ್ಟದು. ಅಲ್ಲಿ ಓಪನ್ ಆಫರಿನಿಂದ ವಿನಾಯಿತಿ ಇದೆ, ಹಳೆಯ ಷೇರುಗಳನ್ನು ಸೊನ್ನೆ ಮಾಡಿದ ಉದಾಹರಣೆಗಳೂ ಇವೆ. ಗೃಹಸಾಲದ ಕಂಪನಿ ಡಿಎಚ್‌ಎಫ್‌ಎಲ್‌ನ ಷೇರುದಾರರಿಗೆ 2021ರಲ್ಲಿ ಆದದ್ದು ಅದೇ.

ಸತ್ಯಂ ಮಾತಿಗೆ ಬರೋಣ. ಆ ಸಾಫ್ಟ್‌ವೇರ್ ಕಂಪನಿಯ ಲೆಕ್ಕಪತ್ರದ ವಂಚನೆ ಬಯಲಾದದ್ದು 2009ರ ಜನವರಿ 7ರಂದು. ಅದಕ್ಕೆ ಮೊದಲು ಷೇರು ಸುಮಾರು ₹179 ಇತ್ತು. ಎರಡೇ ವಹಿವಾಟಿನ ದಿನಗಳಲ್ಲಿ ₹25ಕ್ಕಿಂತ ಕೆಳಗೆ ಬಂತು. ಏಪ್ರಿಲ್‌ನಲ್ಲಿ ಕಂಪನಿ ಕೊಳ್ಳುವ ಬಿಡ್ಡಿನಲ್ಲಿ ಟೆಕ್ ಮಹೀಂದ್ರಾ ಗೆದ್ದ ದರ ಷೇರಿಗೆ ₹58. ತಳದಲ್ಲಿ ಕೊಂಡವರು ದುಡ್ಡು ಮಾಡಿದರು, ನಿಜ. ಅದಕ್ಕೆ ಸರ್ಕಾರವೇ ಹಳೆಯ ಆಡಳಿತ ಮಂಡಳಿಯನ್ನು ತೆಗೆದು ಹೊಸದನ್ನು ಕೂರಿಸಬೇಕಾಯಿತು. ಇನ್ನೊಂದು ಉದಾಹರಣೆ ನೋಡಿ: ಕೆನಡಾದ ಮೊಬೈಲ್ ಕಂಪನಿ ಬ್ಲ್ಯಾಕ್‌ಬೆರಿಯನ್ನು ಕೊಳ್ಳಲು 2013ರ ಸೆಪ್ಟೆಂಬರ್‌ನಲ್ಲಿ ಫೇರ್‌ಫ್ಯಾಕ್ಸ್ ಎಂಬ ಹೂಡಿಕೆ ಕಂಪನಿ ಷೇರಿಗೆ 9 ಡಾಲರ್ ಕೊಡುವುದಾಗಿ ಬಹಿರಂಗವಾಗಿಯೇ ಹೇಳಿತ್ತು. ಲೆಕ್ಕಪತ್ರ ನೋಡಿದ ಮೇಲೆ, ನವೆಂಬರ್ 4ರಂದು, ಆ ಖರೀದಿ ಬಿದ್ದುಹೋಯಿತು. ಷೇರು 7 ಡಾಲರಿಗಿಂತ ಕೆಳಗಿಳಿಯಿತು. ಲೆಕ್ಕ ನೋಡುತ್ತಿದ್ದಾರೆ ಎಂದರೆ ಕೊಳ್ಳುತ್ತಾರೆ ಎಂದಲ್ಲ.

ಫೀಸಿನ ದುಡ್ಡನ್ನು ಸೀಟು ಹಂಚಿಕೆಗೆ ಮೊದಲೇ ಕೈಗೆ ಬರುವಂತೆ ಎಫ್‌ಡಿಯಲ್ಲಿಡಿ. ಹೆಂಡತಿಗೆ ಮೊದಲು ಹೇಳಿ: ಈ ಸುದ್ದಿ ಹೊರಗೆ ಹೋದದ್ದು ಗೊತ್ತಾದರೆ ನಿನ್ನ ತಮ್ಮನ ಕೆಲಸಕ್ಕೇ ಕುತ್ತು, ನಾನು ಕೊಳ್ಳದಿರುವುದು ಅವನಿಗೂ ಒಳ್ಳೆಯದು. ಇನ್ನೊಂದು ಮಾತನ್ನೂ ಹೇಳಿ. ಅವನ ಸಂಬಳ ಆ ಕಂಪನಿಯಿಂದಲೇ ಬರುತ್ತಿದೆ. ಕಂಪನಿ ಮುಳುಗಿದರೆ ಅವನಿಗೆ ಕೆಲವು ತಿಂಗಳು ಆಸರೆಯಾಗಬೇಕಾದವರು ನೀವೇ, ಆಗ ನಿಮ್ಮ ಕೈಯಲ್ಲಿ ದುಡ್ಡಿರಬೇಕು.